ಖಾಲಿ ಕರಡಿಗೆ, ತಿರುಗುವ ನೀರು

ನನಗೆ ಒಂದು ಕಡೆ ಕೂಡ್ರಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಮುಂದೆ ಹೇಳುವುದೆಲ್ಲ ಕಾಯುವ ಕತೆ, ಕಾಯುವುದೆಂದರೆ ನನ್ನ ಕೈಲಾಗದ ಕೆಲಸ. ಸವಣೂರಿನಲ್ಲಿ ನಮ್ಮದು ವೀಳ್ಯದ ಎಲೆಬಳ್ಳಿಯ ತೋಟ. ನಸುಕಿನಲ್ಲಿ ಎಲೆ ಕೊಯ್ಸಬೇಕು, ಕಟ್ಟಿಸಬೇಕು, ಬಿಸಿಲೇರುವುದರೊಳಗೆ ಪೆಂಡಿಗಳು ಬಸ್‌ಸ್ಟ್ಯಾಂಡನ್ನೋ ಯಲವಿಗಿ ಸ್ಟೇಶನ್ನನ್ನೋ ಮುಟ್ಟಬೇಕು. ತಡವಾದರೆ ಎಲೆ ಬಾಡುತ್ತದೆ, ಬಾಡಿದ ಎಲೆಯನ್ನು ಕೇಳುವವರಿಲ್ಲ. ಈ ವ್ಯವಹಾರದಲ್ಲಿ ಹುಟ್ಟಿ ಬೆಳೆದವನ ಎದೆಯೊಳಗೆ ಯಾರೋ ಸದಾ ಬಸ್ಸಿನ ಹಾರ್ನು ಹೊಡೆಯುತ್ತಿರುತ್ತಾರೆ. ಊಟಕ್ಕೆ ಕುಳಿತರೂ ಒಂದು ಮೊಣಕಾಲು ಎತ್ತಿಕೊಂಡೇ ಕೂಡ್ರುತ್ತೇನೆ. "ಕುಂದ್ರೋ, ತಾಟು ಎಲ್ಲಿಗೂ ಓಡಿ ಹೋಗೂದಿಲ್ಲ" ಎಂದು ಅವ್ವ ನಾನು ಶಾಲೆಗೆ ಹೋಗುವಾಗಿನಿಂದ ಬೈಯುತ್ತ ಬಂದಿದ್ದಾಳೆ. ಈಗ ನನಗೆ ಐವತ್ತು ದಾಟಿದೆ, ಬೈಗುಳ ಮಾತ್ರ ಬದಲಾಗಿಲ್ಲ.

ಅವ್ವ ಇದಕ್ಕೆ ತೀರ ಉಲ್ಟಾ. ಬೆಳಿಗ್ಗೆ ಜಳಕ ಮುಗಿಸಿ, ಹಣೆ ತುಂಬ ವಿಭೂತಿ ಬಳಿದುಕೊಂಡು, ಮೂಡಣಕ್ಕೆ ಮುಖ ಮಾಡಿ ಮಣೆಯ ಮೇಲೆ ಕುಳಿತು, ಕೊರಳಲ್ಲಿಯ ಬೆಳ್ಳಿ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಂಡಳೆಂದರೆ ಮುಗಿಯಿತು. ಒಲೆಯ ಮೇಲಿನ ಹಾಲು ಉಕ್ಕಿದರೂ ಏಳುವವಳಲ್ಲ. ಅದು ಅವಳು ತೊಟ್ಟಿಲಲ್ಲಿದ್ದಾಗ ಚಿಕ್ಕೇರೂರಿನ ತವರುಮನೆಯಲ್ಲಿ ಮನೆತನದ ಗುರುಗಳಾದ ಅಯ್ಯನವರು ಕಟ್ಟಿದ ಲಿಂಗ. ಕಂತಿಯ ಕಪ್ಪು ಲೇಪ ಹಚ್ಚಿದ, ಕರ್ರಗೆ ಮಿರುಗುವ, ದೊಡ್ಡ ನೆಲ್ಲಿಕಾಯಿಯಷ್ಟು ಗಾತ್ರದ ಲಿಂಗ. ಎಪ್ಪತ್ತು ವರ್ಷಕ್ಕೂ ಮೇಲೆ ಅದು ಅವಳ ಮೈಬಿಟ್ಟು ಹೋಗಿರಲಿಲ್ಲ. ನಮ್ಮನ್ನು ಹೆತ್ತಾಗ, ಅಪ್ಪನನ್ನು ಮಣ್ಣು ಮಾಡಿದಾಗ, ದವಾಖಾನೆಯಲ್ಲಿ ಮಲಗಿದಾಗ, ಎಲ್ಲ ಕಾಲಕ್ಕೂ ಅವಳ ಎದೆಯ ಮೇಲೆಯೇ ಇತ್ತು. ಅದರ ಪೂಜೆಯಾಗದೆ ಅವಳು ಬಾಯಿಗೆ ತುತ್ತಿಡುವುದಿಲ್ಲ. ಇದು ಅವಳು ಹಟ ಹಿಡಿದು ಮಾಡುವ ವ್ರತವೂ ಅಲ್ಲ, ಉಸಿರಾಡಿದಷ್ಟೇ ಸಹಜವಾಗಿ ನಡೆದುಬಂದದ್ದು.

ಕಡಲಿಗೆ ಹೋಗುವ ವಿಚಾರ ತೆಗೆದವಳು ಅಕ್ಕ. ಅಕ್ಕ ಇರುವುದು ಹಾನಗಲ್ಲಿನಲ್ಲಿ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿ ಈಚೆಗೆ ನಿವೃತ್ತಳಾದವಳು. ನೌಕರಿ ಮುಗಿದರೂ ದನಿಯೊಳಗಿನ ಬೆತ್ತ ಹೋಗಿಲ್ಲ. ವರ್ಷವರ್ಷವೂ ಕರಿಹಲಗೆಯ ಮೇಲೆ ಭೂಮಿ, ಚಂದ್ರ, ಸೂರ್ಯರನ್ನು ಬರೆದು ಉಬ್ಬರ ಇಳಿತ ಕಲಿಸಿದವಳಿಗೆ ಕಡಲಿನ ದಂಡೆಯ ಮೇಲೆ ಒಂದು ದಿನ ನೆಮ್ಮದಿಯಾಗಿ ಕೂಡ್ರುವ ಆಸೆ ಇತ್ತಂತೆ. ಅವ್ವ ಕಡಲನ್ನು ಕಂಡೇ ಇರಲಿಲ್ಲ. "ಹೋಗೂದಾದರ ಹುಣ್ಣಿವಿ ದಿನಾನ ಹೋಗೂಣು. ಜಳಕ ಮಾಡಿದರ ಪುಣ್ಯೇನರ ಬರ್ತೈತಿ" ಎಂದು ಅವಳೇ ದಿನ ಗೊತ್ತುಮಾಡಿದಳು. ಭಾರತ ಹುಣ್ಣಿಮೆ ಹತ್ತಿರವಿತ್ತು. ನಮ್ಮ ಕಡೆ ಹುಣ್ಣಿಮೆಯೆಂದರೆ ಹೊಳೆಗೆ, ಕೆರೆಗೆ ಹೋಗಿ ಮೀಯುವ ದಿನ, ಅದರಲ್ಲಿ ಯೋಚಿಸುವುದೇನಿದೆ? ಅಕ್ಕನೂ ಹೂಂ ಎಂದಳು.

ಹಿಂದಿನ ದಿನವೇ ಹೊರಟೆವು. ನಾನು ಕಾರು ತೆಗೆದುಕೊಂಡು ಅವ್ವನೊಡನೆ ಹಾನಗಲ್ಲಿಗೆ ಹೋಗಿ ಅಕ್ಕನನ್ನು ಹತ್ತಿಸಿಕೊಂಡೆ. ಸಿರಸಿ ದಾಟಿ ಘಟ್ಟ ಇಳಿದು ಗೋಕರ್ಣ ಮುಟ್ಟಿದಾಗ ಹೊತ್ತು ಮುಳುಗಿತ್ತು. ಬೆಳಿಗ್ಗೆ ಜನಜಂಗುಳಿಯಿಂದ ಸ್ವಲ್ಪ ದೂರ, ಕರಿಬಂಡೆಗಳಿದ್ದ ಒಂದು ಮೂಲೆಗೆ ಹೋದೆವು. ಅವ್ವ ಸೀರೆಯ ನಿರಿಗೆ ಎತ್ತಿ ಹಿಡಿದು ಬಹಳ ಹೊತ್ತು ನೀರನ್ನೇ ನೋಡುತ್ತ ನಿಂತಳು.

"ಇದಕ್ಕ ಬ್ಯಾರೆ ಕೆಲಸ ಇಲ್ಲೇನು? ಬರ್ತೈತಿ, ಹೋಗ್ತೈತಿ, ಮತ್ತ ಬರ್ತೈತಿ. ಥೇಟ್ ನಿನ್ನಂಗ" ಎಂದು ನನ್ನ ಕಡೆ ನೋಡಿದಳು.

ಅಕ್ಕನಿಗೆ ಪಾಠ ಮಾಡಲು ಅಷ್ಟು ಸಾಕಾಯಿತು. "ನೀರು ಬಂದಂಗ ಕಾಣ್ತೈತಿ ಅಷ್ಟ, ಅವ್ವಾ. ಎಲ್ಲೋ ದೂರ ಗಾಳಿ ಬೀಸಿರ್ತೈತಿ, ಅದರ ನೂಕು ಇಲ್ಲಿತನಕ ಬರ್ತೈತಿ. ಜೋಳದ ಹೊಲದಾಗ ಗಾಳಿ ಹಾದರ ತೆನಿ ಬಾಗಿ ಏಳ್ತಾವಲ್ಲ? ತೆನಿ ತಮ್ಮ ಜಾಗಾ ಬಿಟ್ಟು ಹೋಗ್ತಾವೇನು? ತೆರೀನೂ ಹಂಗ. ನೀರು ಇದ್ದಲ್ಲೇ ಸುತ್ತಿ ಏಳ್ತೈತಿ, ನೂಕು ಮಾತ್ರ ಮುಂದ ಹೋಗ್ತೈತಿ."

"ಹಂಗಾರ ನನ್ನ ಕಾಲು ಯಾಕ ತೊಯ್ತು?"

"ದಂಡ್ಯಾಗ ನೀರು ತೆಳ್ಳಗಿರ್ತೈತಿ, ತೆರಿ ಮುಗ್ಗರಿಸಿ ಬೀಳ್ತೈತಿ. ಬಿದ್ದ ನೀರು ಖರೇನ ಬರ್ತೈತಿ."

ಅಷ್ಟರಲ್ಲಿ ಒಂದು ತೆರೆ ಬಂದು ಹಿಂದೆ ಸರಿಯಿತು. ಅವ್ವ ಗಾಬರಿಯಾಗಿ ನನ್ನ ರಟ್ಟೆ ಹಿಡಿದಳು. "ಕಾಲ ಕೆಳಗಿನ ಉಸುಕು ಹೊಂಟೈತೋ! ಹಿಡಿ ನನ್ನ!" ಅವಳ ಹಿಮ್ಮಡಿಗಳು ಉಸುಕಿನೊಳಗೆ ಇಳಿಯುತ್ತಿದ್ದವು. ನಾವಿಬ್ಬರೂ ನಕ್ಕೆವು. ಆಮೇಲೆ ಅವಳೂ ನಕ್ಕಳು. ಆ ದಿನದ ನಗು ಅಲ್ಲಿಗೇ ಮುಗಿಯಿತು.

ಜಳಕ ಮಾಡಿ, ಸೀರೆ ಬದಲಿಸಿ, ಅವ್ವ ಪೂಜೆಗೆ ಜಾಗ ಹುಡುಕಿದಳು. ಚಿಕ್ಕೇರೂರಿನ ಕೆರೆಯ ದಂಡೆಯಲ್ಲಿ ಹೆಂಗಸರು ಕೂಡ್ರುವ ಚಪ್ಪಟೆ ಕಲ್ಲುಗಳಿವೆ. ಕೆರೆಯ ನೀರು ಒಮ್ಮೆ ಎಲ್ಲಿ ನಿಂತಿತೋ ಅಲ್ಲಿ ತಿಂಗಳುಗಟ್ಟಲೆ ನಿಲ್ಲುತ್ತದೆ, ಇಳಿದರೆ ಬೇಸಿಗೆಗೆ ಇಳಿಯುತ್ತದೆ. ಒಣಗಿದ ಕಲ್ಲೆಂದರೆ ನೀರು ಬಾರದ ಕಲ್ಲು. ಈ ಲೆಕ್ಕ ನಮ್ಮ ಮೈಯಲ್ಲೇ ಇದೆ. ಅವ್ವ ಒಂದು ಬಂಡೆಯ ನೆತ್ತಿಯನ್ನು ಅಂಗೈಯಿಂದ ಸವರಿ ನೋಡಿದಳು, ಒಣಗಿತ್ತು. ನಾನೂ ಮುಟ್ಟಿ ನೋಡಿದೆ. ಅವಳು ಅಲ್ಲಿ ಕುಳಿತು, ಎಂದಿನ ಹಾಗೆ ಮೂಡಣಕ್ಕೆ ಮುಖ ಮಾಡಿದಳು. ಪಡುವಣ ಕಡಲಿನ ದಂಡೆಯಲ್ಲಿ ಮೂಡಣಕ್ಕೆ ಮುಖ ಮಾಡಿದರೆ ಕಡಲಿಗೆ ಬೆನ್ನು ಬರುತ್ತದೆ.

ತೆರೆ ಏನೂ ದೊಡ್ಡದಿರಲಿಲ್ಲ. ಶಿಗ್ಗಾಂವಿಯ ಅಂಗಡಿಯವರು ಎಲೆ ಬಂತೋ ಇಲ್ಲವೋ ಎಂದು ಫೋನು ಮಾಡಿದ್ದರು, ಅವರೊಡನೆ ಮಾತಾಡುತ್ತ ನಾನು ಅತ್ತಿಂದಿತ್ತ ಅಡ್ಡಾಡುತ್ತಿದ್ದೆ. ಬಂಡೆಯ ಹಿಂದಿನಿಂದ ನೀರು ಏರಿತು, ಅವ್ವನ ಸೊಂಟದವರೆಗೆ ಬಂದು ಅವಳನ್ನು ಪಕ್ಕಕ್ಕೆ ವಾಲಿಸಿ ಇಳಿದುಹೋಯಿತು. ಬೀಳದಿರಲೆಂದು ಅವಳು ಕೈ ಊರಿದ್ದಳು. ಊರಿದ್ದು ಎಡಗೈ. ನಾನು ಓಡಿಹೋಗಿ ಹಿಡಿಯುವಷ್ಟರಲ್ಲಿ ಅವಳು ಅಂಗೈಯನ್ನು ಮುಖದ ಮುಂದೆ ಹಿಡಿದು ನೋಡುತ್ತಿದ್ದಳು. ಅದರಲ್ಲಿ ಒಂದಿಷ್ಟು ನೀರಿತ್ತು.

"ಹೋತು" ಎಂದಳು.

ನಾನು ಮತ್ತು ಅಕ್ಕ ಬಂಡೆಯ ಸುತ್ತ ನೀರಿಗಿಳಿದೆವು. ಕರಿಬಂಡೆ, ಕರಿನೆರಳು, ಕರಿಲಿಂಗ. ಬಗ್ಗಿದರೆ ಮುಖಕ್ಕೆ ನೀರು ಹೊಡೆಯುತ್ತಿತ್ತು. ಮೊದಲು ಮೊಣಕಾಲಿಗಿದ್ದ ನೀರು ತೊಡೆಗೆ ಬಂತು. ಅಕ್ಕ ಒಮ್ಮೆಲೇ ನೆಟ್ಟಗೆ ನಿಂತು, "ತಮ್ಮಾ, ಇವತ್ತ ಹುಣ್ಣಿವಿ" ಎಂದಳು. ಯಾಕೆ ಹೇಳಿದಳೆಂದು ನನಗೆ ತಿಳಿಯಲಿಲ್ಲ. ಅವಳ ಮುಖ ಬಿಳುಚಿಕೊಂಡಿತ್ತು. "ನೀರು ಮಧ್ಯಾಹ್ನದತನಕ ಏರ್ತೈತಿ. ಸಂಜಿಮುಂದ ಇಳೀತೈತಿ. ಈಗ ಹುಡುಕಿದರ ನಾವೂ ಹೋಗ್ತೇವಿ, ಬಾ ಮ್ಯಾಲ."

ಹೀಗೆ ನಾನು, ಎಂದೂ ಯಾವುದಕ್ಕೂ ಕಾಯದವನು, ಒಂದು ಇಡೀ ದಿನ ಕಡಲು ಹಿಂದೆ ಸರಿಯಲೆಂದು ಕಾದೆ. ತೆಂಗಿನ ಮರದ ನೆರಳಲ್ಲಿ ಅವ್ವ ಅದರ ಬೊಡ್ಡೆಗೊರಗಿ ಕುಳಿತಿದ್ದಳು, ಒಂದು ಕೈ ಖಾಲಿ ಕರಡಿಗೆಯ ಮೇಲೆ. ನಾನು ದಂಡೆಗೆ ಹೋಗುವುದು, ನೀರು ಇನ್ನೂ ಏರುತ್ತಿರುವುದನ್ನು ನೋಡಿ ಬೈಯುವುದು, ಮರಳಿ ಬರುವುದು, ಮತ್ತೆ ಹೋಗುವುದು. ನೀರಿನ ಮೇಲೆ ನನಗೆ ಖರೇನೇ ಸಿಟ್ಟು ಬಂದಿತ್ತು. ತೋಟದಲ್ಲಿ ಕಾಲುವೆಯ ಬಾಯಿಗೆ ಒಂದು ಹೆಂಟೆ ಮಣ್ಣು ಹಾಕಿದರೆ ನೀರು ಹೇಳಿದ ಕಡೆ ಹೋಗುತ್ತದೆ. ಇದಕ್ಕೆ ಯಾರೂ ಹೇಳುವವರಿಲ್ಲ, ಇದು ಯಾರದೂ ಮಾತು ಕೇಳುವುದಿಲ್ಲ.

"ಇದನ್ನ ಏರಸವರು ಯಾರು?" ಎಂದು ಅವ್ವ ಕೇಳಿದಳು.

ಅಕ್ಕ ಬುತ್ತಿಯ ಗಂಟು ಬಿಚ್ಚಿದಳು. ಅವ್ವ ಉಣ್ಣದೆ ನಾವು ಉಣ್ಣುವಂತಿರಲಿಲ್ಲ, ಬುತ್ತಿ ಹಾಗೆಯೇ ಉಳಿದಿತ್ತು. ಒಂದು ರೊಟ್ಟಿಯನ್ನು ಭೂಮಿ ಮಾಡಿದಳು, ಶೇಂಗಾ ಉಂಡಿಯನ್ನು ಚಂದ್ರ ಮಾಡಿದಳು, ಬುತ್ತಿಯ ಡಬ್ಬಿ ಸೂರ್ಯನಾಯಿತು. "ಚಂದ್ರ ಭೂಮಿನ್ನ ಜಗ್ಗತಾನ. ಮಣ್ಣು ಗಟ್ಟಿ, ಜಗ್ಗಿದರೂ ಬಾಗೂದಿಲ್ಲ. ನೀರು ಹಗುರ, ಅದು ಉಬ್ಬತೈತಿ. ಚಂದ್ರನ ಕಡಿ ಒಂದು ಉಬ್ಬು, ಆಚಿ ಕಡಿ ಒಂದು ಉಬ್ಬು. ಭೂಮಿ ತಿರುಗಿದಂಗ ನಮ್ಮ ದಂಡಿ ಎರಡೂ ಉಬ್ಬಿನ ಕೆಳಗ ಹಾದು ಬರ್ತೈತಿ. ಅದಕ್ಕ ದಿನಕ್ಕ ಎರಡು ಸಲ ಏರ್ತೈತಿ, ಎರಡು ಸಲ ಇಳೀತೈತಿ. ಹುಣ್ಣಿವಿಗೆ, ಅಮಾಸಿಗೆ ಸೂರ್ಯನೂ ಅದ ಸಾಲಿನಾಗ ನಿಲ್ತಾನ. ಇಬ್ಬರೂ ಕೂಡಿ ಜಗ್ಗತಾರ. ಅವತ್ತ ಏರೂದೂ ಭಾಳ, ಇಳಿಯೂದೂ ಭಾಳ."

ಅವ್ವ ಶೇಂಗಾ ಉಂಡಿಯನ್ನು ನೋಡಿದಳು, ಅಕ್ಕನನ್ನು ನೋಡಿದಳು. "ಇದು ನಿನಗ ಮೊದಲ ಗೊತ್ತಿತ್ತು?"

"ಗೊತ್ತಿತ್ತು."

"ಮತ್ತ?"

"ಪರೀಕ್ಷಾಕ್ಕ ಗೊತ್ತಿತ್ತವ್ವ" ಎಂದು ಅಕ್ಕ ಅಳತೊಡಗಿದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅಪ್ಪ ತೀರಿದ ದಿನ, ಅದು ಬಿಟ್ಟರೆ ಅಂದೇ.

ಸಂಜೆಗೆ ನೀರು ಇಳಿಯಿತು. ಬೆಳಿಗ್ಗೆ ಮುಳುಗಿದ್ದ ಬಂಡೆಗಳೆಲ್ಲ ಪಾಚಿ, ಚಿಪ್ಪುಗಳ ಸಮೇತ ಎದ್ದು ನಿಂತವು. ಅವ್ವ ಕುಳಿತ ಬಂಡೆಯ ಬುಡದವರೆಗೆ ನಡೆದು ಹೋಗುವಂತಾಯಿತು. ಒಂದೊಂದು ಸಂದಿಗೂ ಕೈ ಹಾಕಿದೆವು. ಅಲ್ಲಿಯ ಒಂದಿಬ್ಬರು ತಾವಾಗಿಯೇ ಬಂದು ನಮ್ಮ ಜೊತೆ ಬಗ್ಗಿ ಹುಡುಕಿದರು. ಏಡಿಗಳು ಸಿಕ್ಕವು, ನುಣುಪಾದ ಕಲ್ಲುಗಳು ಸಿಕ್ಕವು, ಪ್ರತಿ ಕಲ್ಲನ್ನೂ ನಾನು ಅವ್ವನ ಹತ್ತಿರ ಒಯ್ದು ತೋರಿಸಿದೆ. ಅವಳು ಪ್ರತಿಯೊಂದಕ್ಕೂ ತಲೆ ಅಲ್ಲಾಡಿಸಿದಳು. ಹೊತ್ತು ಮುಳುಗುವ ಹೊತ್ತಿಗೆ ನೀರು ಮತ್ತೆ ಬರತೊಡಗಿತು.

ಆಗ ಅವಳು ಆ ಮಾತು ಕೇಳಿದಳು. "ಸಿಗಲಿಲ್ಲ, ಬಿಡು. ಅದು ಈಗ ಒಂದ ಕಡಿ ಕುಂತೈತೋ, ನೀರಿನ ಕೂಡ ತಿರುಗಾಕತ್ತೈತೋ? ಅಷ್ಟ ಹೇಳ್ರಿ ನನಗ."

ನಾವಿಬ್ಬರೂ ಅವಳ ರಟ್ಟೆ ಹಿಡಿದು ಎಬ್ಬಿಸಿದೆವು. ಕಾರು ಹತ್ತಿದೆವು. ರಕ್ತದೊತ್ತಡದ ಗುಳಿಗೆಗೆಂದು ಅಕ್ಕ ಕಾಡಿ ಬೇಡಿ ಒಂದು ಗುಟುಕು ನೀರು ಕುಡಿಸಿದಳು, ಅಷ್ಟೇ. ಘಟ್ಟದ ತಿರುವುಗಳಲ್ಲಿ ಅವ್ವನ ತಲೆ ಕಿಟಕಿಗೆ ತಾಗುತ್ತಿತ್ತು. ನಾನು ಸಮಾಧಾನದ ದನಿಯಲ್ಲಿ, ನಾಳೆ ಚಿಕ್ಕೇರೂರಿಗೆ ಹೋಗಿ ಅಯ್ಯನವರಿಂದ ಹೊಸ ಲಿಂಗ ಕಟ್ಟಿಸೋಣ, ಹಾಗೆ ಮಾಡುವುದು ಉಂಟಂತೆ ಎಂದೆ.

"ಎಮ್ಮಿ ತಪ್ಪಿಸಿಗೊಂಡು ಎಲ್ಲೋ ತಿರುಗಾಕತ್ತಿದ್ದರ ಅದರ ಗೂಟಕ್ಕ ಇನ್ನೊಂದು ಎಮ್ಮಿ ತಂದು ಕಟ್ತಾರೇನು?" ಎಂದಳು ಅವ್ವ. "ಸತ್ತೈತಿ ಅಂತ ಗೊತ್ತಾದರ ಕಟ್ಟಬೇಕು. ಇಲ್ಲಾ, ಬ್ಯಾರೆ ಕಡಿ ನೆಲಿ ಆಗೇತಿ ಅಂತ ಗೊತ್ತಾದರ ಕಟ್ಟಬೇಕು. ಅದು ತಿರುಗಾಕತ್ತಿರೂಮುಂದ ನಾ ಇನ್ನೊಂದು ಹ್ಯಾಂಗ ಕಟಗೊಳ್ಳಲಿ?"

ಇದು ಯಾವ ಶಾಸ್ತ್ರದ್ದೂ ಅಲ್ಲ, ಅವಳದೇ ಶಾಸ್ತ್ರ.

ಆ ರಾತ್ರಿ ಹಾನಗಲ್ಲಿನಲ್ಲಿ ಅಕ್ಕನ ಮನೆಯಲ್ಲೇ ಉಳಿದೆವು. ಬೆಳಿಗ್ಗೆ ಅವ್ವ ಎಂದಿನಂತೆ ಜಳಕ ಮಾಡಿದಳು, ವಿಭೂತಿ ಹಚ್ಚಿದಳು, ಮಣೆಯ ಮೇಲೆ ಕುಳಿತಳು. ಕರಡಿಗೆ ತೆರೆದಳು. ಮತ್ತೆ ಮುಚ್ಚಿದಳು. ಅವಳ ತುಟಿಗಳು ಒಣಗಿ ಬಿರುಕು ಬಿಟ್ಟಿದ್ದವು. ನನಗೆ ಹೆದರಿಕೆ ಶುರುವಾಯಿತು. ಈ ವಯಸ್ಸಿನಲ್ಲಿ, ಈ ಗುಳಿಗೆಗಳನ್ನು ನುಂಗುವ ದೇಹ ಎಷ್ಟು ಹೊತ್ತು ತಡೆದೀತು? ಅಕ್ಕನನ್ನು ಅಡುಗೆಮನೆಗೆ ಎಳೆದುಕೊಂಡು ಹೋದೆ.

"ಕುಂತೈತಿ ಅಂತ ಹೇಳಿಬಿಡು. ನೀ ಹೇಳಿದರ ನಂಬತಾಳ."

"ಹೇಳೂದಿಲ್ಲ."

"ಯಾಕ?"

"ಸಮುದ್ರದಾಗ ನಿಂತ ನೀರು ಇಲ್ಲ. ನೌಕರಿ ತುಂಬ ಹುಡುಗರಿಗೆ ಅದನ್ನ ಹೇಳೇನಿ. ಈಗ ಅವ್ವನ ಮುಂದ ಸುಳ್ಳು ಹೇಳಲ್ಯಾ?"

"ಆಕಿ ಸಾಯ್ತಾಳಲೇ!" ಎಂದು ನಾನು ಕೂಗಿದೆ. ಅಕ್ಕನಿಗೆ 'ಲೇ' ಎಂದದ್ದು ಜನ್ಮದಲ್ಲಿ ಅದೇ ಮೊದಲು. ಅವಳು ಸಿಟ್ಟಾಗಲಿಲ್ಲ, ಒಲೆಯ ಕಟ್ಟೆಗೆ ಆತು ನಿಂತು ಕಣ್ಣೊರೆಸಿಕೊಂಡಳು.

ಕೂಗಿದ್ದು ಅವ್ವನಿಗೆ ಕೇಳಿಸಿತ್ತು. ಒಳಗಿನಿಂದ ಅವಳು ಅಕ್ಕನನ್ನು ಕರೆದು, ಎಲ್ಲವನ್ನೂ ಬಿಡಿಸಿ ಹೇಳು ಎಂದಳು. ಅಕ್ಕ ಅವಳ ಕಾಲ ಬಳಿ ಕುಳಿತು ಹೇಳಿದಳು. ಮೇಲಿನ ನೀರನ್ನು ಗಾಳಿ ತಳ್ಳುತ್ತದೆ. ಮಳೆಗಾಲದಲ್ಲಿ ನಮ್ಮ ದಂಡೆಗುಂಟ ನೀರು ತೆಂಕಣಕ್ಕೆ ಹರಿಯುತ್ತದೆ, ಚಳಿಗಾಲದಲ್ಲಿ ತಿರುಗಿ ಬಡಗಣಕ್ಕೆ. ಮಳೆಗಾಲದ ಒರಟು ತೆರೆಗಳು ದಂಡೆಯ ಉಸುಕನ್ನು ಒಳಗೆ ಎಳೆದೊಯ್ಯುತ್ತವೆ, ಆಮೇಲೆ ಬರುವ ಮೆತ್ತನೆಯ ತೆರೆಗಳು ಅದನ್ನೇ ಮರಳಿ ತಂದು ಹಾಕುತ್ತವೆ. ಆಳದ ನೀರಿನದು ಬೇರೆಯದೇ ದಾರಿ. ದೂರದ ಹಿಮದ ನಾಡಿನಲ್ಲಿ ನೀರು ತಣ್ಣಗಾಗಿ, ಉಪ್ಪು ಹೆಚ್ಚಿ, ಭಾರವಾಗಿ ಮುಳುಗುತ್ತದೆ. ಮುಳುಗಿದ್ದು ತಳಗುಂಟ ತೆವಳುತ್ತ ನೂರಾರು ವರ್ಷ ನಡೆದು ಇನ್ನೆಲ್ಲೋ ಮೇಲೆ ಬರುತ್ತದೆ.

"ಅಂದರ ನಿಂತ ನೀರು ಎಲ್ಲೂ ಇಲ್ಲ?"

"ಇಲ್ಲವ್ವ."

ಅವ್ವ ಕಣ್ಣು ಮುಚ್ಚಿಕೊಂಡಳು. ನನಗೆ ತಡೆಯಲಾಗಲಿಲ್ಲ. ಮುಂದೆ ಹೋಗಿ, ಎಷ್ಟು ಮೆತ್ತಗೆ ಸಾಧ್ಯವೋ ಅಷ್ಟು ಮೆತ್ತಗೆ, "ನೀರು ತಿರುಗಿದರೇನಾತು, ಅವ್ವಾ? ಲಿಂಗ ಅಲ್ಲೇ ಬಂಡಿಗಲ್ಲಿನ ಬುಡಕ ಆರಾಮ ಕುಂತೈತಿ. ನಾ ಹೇಳತೇನಲ್ಲ" ಎಂದೆ.

ಅವಳು ಕಣ್ಣು ತೆರೆಯಲೂ ಇಲ್ಲ. "ಎಲಿ ಮಾರೋ ದನಿ ತಗೀಬ್ಯಾಡ" ಎಂದಳು.

ಕೊನೆಗೆ ಅವಳು ಚಿಕ್ಕೇರೂರಿಗೆ ಬರಲು ಒಪ್ಪಿದ್ದು ಲಿಂಗಕ್ಕಾಗಿ ಅಲ್ಲ, ಅಯ್ಯನವರನ್ನು ಕೇಳುವುದಕ್ಕಾಗಿ. ಅವಳಿಗೆ ಲಿಂಗ ಕಟ್ಟಿದವರ ಮೊಮ್ಮಗ ಈಗ ಆ ಮನೆಯ ಹಿರಿಯರು, ಅವರಿಗೂ ತಲೆ ನರೆತಿದೆ. ನಾವು ಹೋದರೆ ಅವರು ಮನೆಯಲ್ಲಿಲ್ಲ. ಗೃಹಪ್ರವೇಶವೊಂದಕ್ಕೆ ಹಿರೇಕೆರೂರಿಗೆ ಹೋಗಿದ್ದಾರೆ ಎಂದು ಅವರ ಸೊಸೆ ಹೇಳಿದಳು. ಅವ್ವನನ್ನೂ ಅಕ್ಕನನ್ನೂ ಅವರ ಪಡಸಾಲೆಯಲ್ಲಿ ಕೂಡ್ರಿಸಿ ನಾನು ಕಾರು ತಿರುಗಿಸಿದೆ. ದಾರಿಯುದ್ದಕ್ಕೂ ಹಾರ್ನು ಹೊಡೆದೆ, ಎದುರಿಗೆ ಬಂದ ಟ್ರ್ಯಾಕ್ಟರಿನವರಿಗೆಲ್ಲ ಬೈದೆ. ಗೃಹಪ್ರವೇಶದ ಮನೆಯಲ್ಲಿ ಅಯ್ಯನವರು ಊಟಕ್ಕೆ ಏಳಬೇಕೆನ್ನುವಾಗ ಅವರ ಕಾಲಿಗೆ ಬಿದ್ದು, "ಏಳ್ರಿ, ಅಯ್ಯನವರ, ಅವ್ವ ನಿನ್ನಿಯಿಂದ ಏನೂ ತಿಂದಿಲ್ಲರಿ" ಎಂದೆ. ಅವರು ಒಂದೂ ಪ್ರಶ್ನೆ ಕೇಳದೆ ಶಲ್ಯ ಹೆಗಲಿಗೆ ಹಾಕಿಕೊಂಡು ಬಂದು ಕಾರಿನಲ್ಲಿ ಕುಳಿತರು. ಆ ಉಪಕಾರವನ್ನು ನಾನು ಮರೆಯಲಾರೆ.

ಅವ್ವ ಅವರಿಗೂ ಅದನ್ನೇ ಕೇಳಿದಳು. ಅವರು ಗಡ್ಡ ನೀವಿಕೊಂಡರು.

"ಲಿಂಗ ಹೋದರ ಮತ್ತೊಂದು ಕೊಡಾಕ ನಮಗ ಬರ್ತೈತಿ, ತಾಯಿ. ಹೋದದ್ದು ಎಲ್ಲೈತಿ ಅಂತ ಹೇಳಾಕ ಬರೂದಿಲ್ಲ. ನಾ ಕಡಲು ನೋಡಿಲ್ಲ."

"ನಿಮ್ಮ ತಪ್ಪಲ್ಲ ಬಿಡ್ರಿ" ಎಂದಳು ಅವ್ವ. ಆ ದನಿಯಲ್ಲಿ ಈಗ ಬಲವೇ ಇರಲಿಲ್ಲ. ನಾನು ಎದ್ದು ಅಂಗಳಕ್ಕೆ ಹೋದೆ, ಒಳಗೆ ಬಂದೆ, ಮತ್ತೆ ಅಂಗಳಕ್ಕೆ ಹೋದೆ. ದವಾಖಾನೆಗೆ ಹೊತ್ತುಕೊಂಡು ಹೋಗಿ ಸಲಾಯಿನ್ ಹಚ್ಚಿಸಿಬಿಡಲೇ ಎಂದು ಯೋಚಿಸುತ್ತಿದ್ದೆ. ಹಾಗೆ ಮಾಡಿದರೆ ಅವಳು ಬದುಕುತ್ತಾಳೆ, ಆದರೆ ನನ್ನ ಜೊತೆ ಮತ್ತೆಂದೂ ಮಾತಾಡುವುದಿಲ್ಲ ಎಂಬುದೂ ಗೊತ್ತಿತ್ತು.

ಪಡಸಾಲೆಯ ಆಚೆ, ಬಚ್ಚಲ ಹತ್ತಿರ, ಅಯ್ಯನವರ ಸೊಸೆ ಪ್ರಸಾದಕ್ಕೆಂದು ಅಕ್ಕಿ ಜಾಲಿಸುತ್ತಿದ್ದಳು. ಅವರ ಸ್ವಂತ ಗದ್ದೆಯ ಅಕ್ಕಿ, ಕಣದಿಂದ ಬಂದದ್ದು, ಅದರಲ್ಲಿ ಸಣ್ಣ ಕಲ್ಲುಗಳು ಇದ್ದೇ ಇರುತ್ತವೆ. ಎರಡು ಬೋಗಾಣಿ ಇಟ್ಟುಕೊಂಡು, ಒಂದರಲ್ಲಿ ಅಕ್ಕಿಗೆ ನೀರು ಹಾಕಿ ಸುತ್ತುತಿರುಗಿಸಿ, ತೇಲಿ ಬಂದ ಅಕ್ಕಿಯನ್ನು ನೀರಿನೊಡನೆ ಇನ್ನೊಂದಕ್ಕೆ ಬಗ್ಗಿಸುತ್ತಿದ್ದಳು. ಸರ್, ಸರ್ ಎಂದು ಸದ್ದು ಬರುತ್ತಿತ್ತು. ಅವ್ವ ಒರಗಿದ್ದವಳು ನೆಟ್ಟಗಾದಳು.

"ತಂಗೀ, ಆ ಬೋಗಾಣಿ ಇಲ್ಲಿ ತಾ."

ಆ ಹುಡುಗಿ ಮಾವನ ಮುಖ ನೋಡಿದಳು. ಅವರು ಕೊಡು ಎಂಬಂತೆ ತಲೆಯಾಡಿಸಿದರು. ಬೋಗಾಣಿ ಅವ್ವನ ಮುಂದೆ ಬಂತು. ಅವಳು ಎರಡೂ ಅಂಚು ಹಿಡಿದು ತಿರುಗಿಸತೊಡಗಿದಳು. ಎಷ್ಟು ಸಾವಿರ ಸಲ ಮಾಡಿದ ಕೆಲಸವೋ ಏನೋ, ನಾಲ್ಕು ಸುತ್ತಿಗೆ ಕೈಗೆ ಲಯ ಸಿಕ್ಕಿತು. ನೀರು ಸುತ್ತಿತು, ಅಕ್ಕಿ ಎದ್ದು ನೀರಿನ ಜೊತೆ ಓಡಿತು. ಬಗ್ಗಿಸಿದಳು. ಮತ್ತೆ ನೀರು ಹಾಕಿಸಿಕೊಂಡಳು, ಮತ್ತೆ ತಿರುಗಿಸಿದಳು, ಬಗ್ಗಿಸಿದಳು. ಕೊನೆಗೆ ಬೋಗಾಣಿಯ ತಳದಲ್ಲಿ ಒಂದಿಷ್ಟು ನುಚ್ಚು, ಅದರ ನಡುವೆ ಒಂದು ಕರಿಯ ಹರಳು ಉಳಿಯಿತು.

ಅವ್ವ ಅಕ್ಕನನ್ನು ಹತ್ತಿರ ಕರೆದಳು. "ನೋಡು. ನೀರು ಓಡ್ಯಾಡಿತು, ಅಕ್ಕಿ ಓಡ್ಯಾಡಿತು. ಕಲ್ಲು?"

"ತಳಕ್ಕ ಹೋಗಿ ಕುಂತೈತಿ."

"ನೀರು ನಿಂತಿದ್ದರ ಕುಂದರ್ತಿತ್ತೇನು?"

ಅಕ್ಕ ಯೋಚಿಸಿದಳು. ಅವಳು ಅವ್ವನನ್ನು ಸಮಾಧಾನಪಡಿಸಲು ಯೋಚಿಸುತ್ತಿರಲಿಲ್ಲ, ನಿಜವನ್ನೇ ಹುಡುಕುತ್ತಿದ್ದಳು. ಅದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು. "ಇಲ್ಲ" ಎಂದಳು ಮೆಲ್ಲಗೆ. "ನಿಂತ ನೀರಾಗ ಕಲ್ಲು ಅಕ್ಕಿ ನಡುವ ಸಿಕ್ಕೊಂಡು ಇರ್ತಿತ್ತು. ನೀರು ತಿರುಗಿದ್ದಕ್ಕ ಅಕ್ಕಿ ಸರದು ದಾರಿ ಬಿಡ್ತು, ಭಾರಿದ್ದದ್ದು ಕೆಳಗ ಇಳೀತು." ಆಮೇಲೆ ಒಮ್ಮೆಲೇ ಅವಳ ದನಿ ಏರಿತು, ತರಗತಿಯಲ್ಲಿ ಏರುತ್ತಿದ್ದ ಹಾಗೆ. "ಅವ್ವಾ, ನಿನ್ನ ಕಾಲು! ತೆರಿ ಹೊಳ್ಳಿ ಹೋಗೂಮುಂದ ಹಿಮ್ಮಡಿ ಸುತ್ತಲಿನ ಉಸುಕು ತಗೊಂಡು ಹೋಗ್ತಿತ್ತು, ನೀ ಇಳದಿ. ಲಿಂಗಾನೂ ಹಂಗ ಇಳೀತೈತಿ. ಒಂದೊಂದು ತೆರೀಗೆ ಇಷ್ಟಿಷ್ಟು. ಮ್ಯಾಲ ಉಸುಕು ಮುಚ್ಚತೈತಿ. ಆಳಕ್ಕ ಇಳದ ಭಾರಿದ್ದ ಕಲ್ಲನ್ನ ಮ್ಯಾಲಿನ ನೀರು ಅಷ್ಟು ಸರಳ ಎಬ್ಬಸೂದಿಲ್ಲ."

"ಇದು ನಿನ್ನ ಪಾಠದಾಗ ಐತೇನು?"

"ಪಾಠದಾಗ ಇಲ್ಲ. ಆದರ ಖರೇ ಐತಿ."

ಅವ್ವ ಆ ಹರಳನ್ನು ಬೆರಳಿನಿಂದ ಮುಟ್ಟಿದಳು. ಬೋಗಾಣಿಯನ್ನು ಇನ್ನೊಮ್ಮೆ ಮೆಲ್ಲಗೆ ತಿರುಗಿಸಿದಳು. ಉಳಿದ ಒಂದಿಷ್ಟು ನೀರು ಸುತ್ತಿತು, ಹರಳು ಇದ್ದಲ್ಲೇ ಇತ್ತು. ಅವಳ ಕಣ್ಣಿನಿಂದ ನೀರು ಇಳಿಯಿತು, ಹಿಂದಿನ ದಿನ ಬೆಳಿಗ್ಗೆಯಿಂದ ಒಂದು ಹನಿಯೂ ಇಳಿದಿರಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು, ಕೊರಳಿನಿಂದ ಖಾಲಿ ಕರಡಿಗೆಯನ್ನು ತೆಗೆದು ಅಯ್ಯನವರ ಮುಂದೆ ಹಿಡಿದಳು.

"ಕಟ್ಟರಿ" ಎಂದಳು.

ಅವರು ಅಂದೇ ಕಟ್ಟಿದರು. ಮಾಡಬೇಕಾದ ವಿಧಿಗಳನ್ನೆಲ್ಲ ಮಾಡಿ, ಕಿವಿಯಲ್ಲಿ ಮಂತ್ರ ಹೇಳಿ, ಹೊಸ ಕಂತಿಯ ಲಿಂಗವನ್ನು ಅವಳ ಎಡ ಅಂಗೈಯಲ್ಲಿಟ್ಟರು. ಹೊಸ ಸೊಸೆಯ ಮುಖ ನೋಡುವ ಹಾಗೆ ಅವಳು ಅದನ್ನು ಬಹಳ ಹೊತ್ತು ನೋಡಿದಳು. ನಾನು ಅಲ್ಲಿಯವರೆಗೆ ಅವಳ ಪೂಜೆಯನ್ನು ಬಾಗಿಲಿನಿಂದ ಹಾದುಹೋಗುವಾಗ ಕಂಡಿದ್ದೆನೇ ಹೊರತು ಕುಳಿತು ನೋಡಿರಲಿಲ್ಲ. ಅಂದು ಕಂಬಕ್ಕೆ ಆತು ನಿಂತು ಪೂರ್ತಿ ನೋಡಿದೆ.

ಊಟಕ್ಕೆ ತಾಟು ಹಾಕಿದರು. ಬಿಸಿ ಅನ್ನ, ತೊಗರಿಬೇಳೆಯ ಸಾರು, ಒಂದು ಚಮಚ ತುಪ್ಪ. ಅವ್ವ ಮೊದಲ ತುತ್ತು ಬಾಯಿಗಿಟ್ಟಾಗ ಅಕ್ಕ ಮುಖ ಆಚೆ ತಿರುಗಿಸಿದಳು. ನಾನು ಹೊಸ್ತಿಲಲ್ಲಿ ಕಾರಿನ ಕೀಲಿಯನ್ನು ಬೆರಳಲ್ಲಿ ತಿರುಗಿಸುತ್ತ ನಿಂತಿದ್ದೆ. ಎರಡು ದಿನದ ಎಲೆ ಏನಾಯಿತೋ, ಕೊಯ್ಯುವವರು ಬಂದಿದ್ದರೋ ಇಲ್ಲವೋ, ಈಗ ಹೊರಟರೂ ಸವಣೂರು ಮುಟ್ಟುವುದು ಸಂಜೆಯಾಗುತ್ತದೆ, ಇವೇ ತಲೆಯಲ್ಲಿ ಸುತ್ತುತ್ತಿದ್ದವು. ಕಿಸೆಯಲ್ಲಿ ಫೋನು ರಿಂಗಾಗತೊಡಗಿತು. ಶಿಗ್ಗಾಂವಿಯವರೇ ಇರಬೇಕು.

ಅವ್ವ ತಾಟಿನಿಂದ ತಲೆಯೆತ್ತಿದಳು.

"ಅದು ಕುಂತೈತಿ. ನೀ ಯಾವಾಗ ಕುಂದರಾಂವ?"

ನಾನು ಕೀಲಿಯನ್ನು ಕಿಸೆಗೆ ಹಾಕಿ ಅವಳ ಪಕ್ಕದಲ್ಲಿ ಕುಳಿತೆ, ಚಕ್ಕಳಮಕ್ಕಳ ಹಾಕಿ, ಎರಡೂ ಮೊಣಕಾಲು ನೆಲಕ್ಕೆ ಊರಿ. ಫೋನು ರಿಂಗಾಗಿ ರಿಂಗಾಗಿ ತಾನೇ ನಿಂತಿತು. ಅಯ್ಯನವರ ಸೊಸೆ ನನಗೂ ಅನ್ನ ಬಡಿಸಿದಳು. ಅವ್ವ ಜಾಲಿಸಿದ ಅಕ್ಕಿಯ ಅನ್ನ, ಅದರಲ್ಲಿ ಒಂದೂ ಕಲ್ಲು ಇರಲಿಲ್ಲ.